ಗಯೆಯ ಪಟ್ಟಿಯಲ್ಲಿ ಒಂದು ಹೆಸರು

ಅಕ್ಟೋಬರ್ 18, 1964. ಭಾನುವಾರ

ಕಾಶಿಗೆ ಹೊರಡಲು ಇನ್ನು ಮೂರು ವಾರ. ಟಿಕೇಟು ನವೆಂಬರ್ ಎಂಟಕ್ಕೆ. ಸಾಮಾನಿನ ಪಟ್ಟಿಗೆಂದು ಈ ನೋಟುಬುಕ್ಕು ತರಿಸಿದ್ದೇನೆ. ಬಿಡಿ ಚೀಟಿಯಲ್ಲಿ ಬರೆದರೆ ನಮ್ಮನೆಯವರು ಅದರಲ್ಲಿ ನಶ್ಯ ಕಟ್ಟಿಟ್ಟುಕೊಳ್ಳುತ್ತಾರೆ. ಮೂವತ್ತನಾಲ್ಕು ವರ್ಷ ಸರ್ವೆ ಕಚೇರಿಯಲ್ಲಿದ್ದು ಊರೂರಿನ ಗಡಿ ಅಳೆದವರು, ಪೆನ್ಷನ್ ಆದ ಮೇಲೆ ತಮ್ಮ ಕನ್ನಡಕ ಎಲ್ಲಿದೆ ಎಂದು ನನ್ನನ್ನು ಕೇಳುತ್ತಾರೆ.

ಹೋಲ್ಡಾಲು ಎರಡು. ಸೀಮೆಎಣ್ಣೆ ಸ್ಟವ್ ಒಂದು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಅಕ್ಕಿ ನುಚ್ಚು. ಕೋಡುಬಳೆ ಹೊರಡುವ ಮುನ್ನಾದಿನ. ಹಿತ್ತಾಳೆ ತಂಬಿಗೆ ಒಂದು. ಲೋಟ ಮೂರು. ಮಡಿ ಸೀರೆ ಎರಡು.

ಓದಿ ಹೇಳಿದೆ. "ಮೂರನೇ ಲೋಟ ಯಾರಿಗೇ?" ಎಂದರು.

"ಒಂದು ಕಳೆದುಹೋದ್ರೆ ಇರ್ಲಿ ಅಂತ."

ಅವರು ಸಂಪಿಗೆ ಗಿಡಕ್ಕೆ ನೀರು ಹಾಕಲು ಹೋದರು.

ಕಾಶಿಗೆ ಹೋದವರು ಏನಾದರೂ ಒಂದನ್ನು ಅಲ್ಲಿ ಬಿಟ್ಟು ಬರಬೇಕು. ನಾನು ಹಾಗಲಕಾಯಿ ಎಂದು ನಿಶ್ಚಯಿಸಿದ್ದೇನೆ. ಊಟಕ್ಕೆ ಕೂತಾಗ ಹೇಳಿದರೆ ನಕ್ಕರು. "ಅದನ್ನ ನೀನು ಯಾವತ್ತು ಮುಟ್ಟಿದ್ದೆ? ಪ್ರಾಣ ಅನ್ನೋ ಹಾಗಿರೋದನ್ನ ಬಿಡಬೇಕು ಕಣೆ. ನಿನಗೆ ಹಠ ಅಂದ್ರೆ ಪ್ರಾಣ. ಅದನ್ನ ಬಿಟ್ಟು ಬಾ."

"ಮೊದಲು ನಿಮ್ಮ ನಶ್ಯ ಗಂಗೆಗೆ ಹಾಕಿ, ಆಮೇಲೆ ನೋಡೋಣ" ಎಂದೆ.

ಅಕ್ಟೋಬರ್ 20, ಮಂಗಳವಾರ

ಅಟ್ಟದಿಂದ ದೊಡ್ಡ ಟ್ರಂಕು ಇಳಿಸಿದೆವು. ಬಸವನಗುಡಿಯ ಬಾಡಿಗೆ ಮನೆ ಬಿಟ್ಟು ಜಯನಗರದ ಈ ಸ್ವಂತ ಮನೆಗೆ ಬಂದಾಗ ಖಾಲಿ ಮಾಡಿ ಹಾಕಿದ ಬೀಗ, ಈಗ ತೆಗೆದದ್ದು. ಮುಚ್ಚಳ ಎತ್ತಿದರೆ ಮರುಗದ ವಾಸನೆ. ಒಣಗಿದ ಒಂದು ಎಸಳೂ ಒಳಗಿರಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಇಡೀ ಮಧ್ಯಾಹ್ನ ಬಿಸಿಲಿಗೆ ಇಟ್ಟೆ. ವಾಸನೆ ಹೋಗಿಲ್ಲ.

ಈ ಮನೆಯಲ್ಲಿ ಯಾರೂ ಮರುಗ ಮುಡಿಯುವುದಿಲ್ಲ.

ಅಕ್ಟೋಬರ್ 22, ಗುರುವಾರ

ಇದು ನನ್ನ ಪುಸ್ತಕ. ಬೇರೆಯವರ ಮುಂದೆ ಏನೇ ಹೇಳಿರಲಿ, ಇದರಲ್ಲಿ ಸುಳ್ಳು ಬರೆಯಬೇಕಾದ ಅಗತ್ಯ ನನಗಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಪುರೋಹಿತ ಗಂಗಾಧರಯ್ಯನವರು ಬಂದರು. ಕಾಶಿಯಿಂದ ಗಯೆಗೆ ಹೋಗಿ ಪಿಂಡ ಇಡಬೇಕು. ಅದಕ್ಕೆ ಎರಡು ಮನೆತನದಲ್ಲಿ ಸತ್ತವರ ಹೆಸರೆಲ್ಲ ಪಟ್ಟಿ ಮಾಡಿಕೊಂಡು ಹೋಗಬೇಕು. ನಮ್ಮ ಜೊತೆ ಯಾತ್ರೆಗೆ ಬರುವ ಪಕ್ಕದ ಮನೆ ಕಮಲಾದೇವಿಯೂ ಕುಳಿತಿದ್ದರು. ಮಾವ, ಅತ್ತೆ, ನನ್ನ ತಂದೆ ತಾಯಿ, ಚಿಕ್ಕ ವಯಸ್ಸಿನಲ್ಲೇ ಹೋದ ನನ್ನ ತಮ್ಮ, ಎಲ್ಲ ಸೇರಿ ಹದಿಮೂರು ಹೆಸರಾಯಿತು.

"ಇನ್ಯಾರಾದ್ರೂ ಇದಾರಾ ನೋಡಿ ಅಮ್ಮ. ಗಯೆಯಲ್ಲಿ ಯಾರನ್ನೂ ಮರೀಬಾರದು. ಮನೇಲಿ ಸಾಕಿದ ಹಸುವಿಗೂ ಅಲ್ಲಿ ಪಿಂಡ ಉಂಟು. ಬಿಟ್ಟುಹೋದವರು ಬಾಯಾರಿಕೊಂಡು ಮನೆ ಬಾಗಿಲಲ್ಲೇ ನಿಂತಿರ್ತಾರೆ" ಎಂದರು.

ಕಮಲಾದೇವಿ ನನ್ನ ಮೊಣಕೈ ಮುಟ್ಟಿ, "ರೀ, ನಿಮ್ಮ ಮಗಳನ್ನೇ ಮರೆತುಬಿಟ್ರಲ್ಲ" ಎಂದರು.

ಚೂಡಾಮಣಿ ಸತ್ತಿಲ್ಲ. ಒಂಬತ್ತು ವರ್ಷದ ಹಿಂದೆ, ಟೀಚರ್ ಟ್ರೈನಿಂಗಿನಲ್ಲಿ ಜೊತೆಗೆ ಕಲಿತ ಜರಗನಹಳ್ಳಿಯ ಬೋರಣ್ಣ ಎಂಬ ರೈತರ ಮಗನನ್ನು ರಿಜಿಸ್ಟರ್ ಮದುವೆಯಾಗಿ ಬಂದು ಬಸವನಗುಡಿಯ ಮನೆ ಬಾಗಿಲಲ್ಲಿ ನಿಂತಳು. ನಾನು ಹಿತ್ತಲಿಗೆ ಹೋಗಿ ತಲೆಗೆ ಒಂದು ಕೊಡ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಹೊರಗೆ ಬಂದೆ. "ಇನ್ನು ನಿನ್ನ ಮುಖ ನೋಡೋದು ನೀನು ಸತ್ತ ದಿನ" ಎಂದೆ. ತುಮಕೂರಿನ ಅಕ್ಕನಿಗೆ ಕಾಗದ ಬರೆದೆ: ಹನ್ನೊಂದು ದಿನ ಜ್ವರ ಕಾದು ಹುಡುಗಿ ಹೋಗಿಬಿಟ್ಟಳು, ಬರಬೇಡ, ಎಲ್ಲ ಮುಗಿಯಿತು. ಆ ವರ್ಷವೇ ಇಲ್ಲಿಗೆ ಬಂದೆವು. ಇಲ್ಲಿ ಕೇಳಿದವರಿಗೂ ಅದನ್ನೇ ಹೇಳಿದೆ. ಜರಗನಹಳ್ಳಿ ಇಲ್ಲಿಂದ ಮೂರು ಮೈಲಿ.

ನಮ್ಮನೆಯವರು ನನ್ನ ಮುಖವನ್ನೇ ನೋಡುತ್ತಿದ್ದರು. ಗಂಗಾಧರಯ್ಯನವರು ಪೆನ್ನು ಹಿಡಿದು ಕಾದಿದ್ದರು. "ಹೆಸರು ಹೇಳಿ ಅಮ್ಮ."

ಹೇಳಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಹೆಸರು ನನ್ನ ಬಾಯಿಂದ ಬಂತು. ಅವರು ಬರೆದುಕೊಂಡರು. ಅದೇ ಹೊತ್ತಿಗೆ ಗೇಟಿನ ಚಿಲಕದ ಸದ್ದಾಯಿತು. ನೋಡಿದರೆ ಗೇಟು ಮುಚ್ಚಿಯೇ ಇತ್ತು. ಪಟ್ಟಿ ದೇವರ ಗೂಡಿನಲ್ಲಿಟ್ಟಿದ್ದೇನೆ.

ಹೇಳದೆ ಏನು ಮಾಡಬೇಕಿತ್ತು? ಕಮಲಾದೇವಿಯ ಮುಂದೆ?

ಅಕ್ಟೋಬರ್ 24, ಶನಿವಾರ

ಮತ್ತೆ ಚಿಲಕದ ಸದ್ದು. ನಿನ್ನೆಯೂ ಆಗಿತ್ತು. ಸರಿಯಾಗಿ ನಾಲ್ಕೂವರೆಗೆ, ಎರಡು ಸಲ. ಮೊದಲು ಟಕ್ ಎಂದು ಎತ್ತಿದ್ದು, ಕೊಂಚ ತಡೆದು ಬಿದ್ದದ್ದು. ಪುಸ್ತಕ ಎರಡು ಕೈಯಲ್ಲೂ ತಬ್ಬಿಕೊಂಡು ಕಾಲಿನಿಂದ ಚಿಲಕ ಎತ್ತಿದರೆ ಹಾಗೆ ಸದ್ದಾಗುತ್ತದೆ. ಹಾಗೆ ಎತ್ತಬೇಡ ಎಂದು ಬಸವನಗುಡಿಯಲ್ಲಿ ದಿನಾ ಬೈಯುತ್ತಿದ್ದೆ.

ಅವಳು ಈ ಮನೆಗೆ ಕಾಲಿಟ್ಟವಳೇ ಅಲ್ಲ. ಈ ಗೇಟು ಅವಳಿಗೆ ಗೊತ್ತಿಲ್ಲ.

ಚಿಲಕಕ್ಕೆ ಎಣ್ಣೆ ಹಾಕಿಸಿದೆ.

ಅಕ್ಟೋಬರ್ 26, ಸೋಮವಾರ

ಎಣ್ಣೆ ಹಾಕಿದರೂ ಅಷ್ಟೆ.

ಹುರಿಹಿಟ್ಟು ಆಯಿತು. ಚಟ್ನಿಪುಡಿಗೆ ಮೆಣಸಿನಕಾಯಿ ಹೆಚ್ಚಾಗಿದೆ. ಮಧ್ಯಾಹ್ನ ಎಲೆ ಹಾಕುವಾಗ ನಮ್ಮನೆಯವರು ಬಾಗಿಲಲ್ಲಿ ನಿಂತುಬಿಟ್ಟರು. "ಯಾರಾದ್ರೂ ಬರ್ತಾರಾ?" ನೋಡಿದರೆ ಮೂರು ಎಲೆ ಹಾಕಿದ್ದೇನೆ. ಮೂರಕ್ಕೂ ಉಪ್ಪು ಬಡಿಸಿದ್ದೇನೆ. ಯಾತ್ರೆಯ ಗಡಿಬಿಡಿಯಲ್ಲಿ ಇಂಥದ್ದೆಲ್ಲ ಆಗುತ್ತದೆ.

ಆ ಎಲೆಯನ್ನು ಎತ್ತಲು ಹೋದೆ. "ಇರ್ಲಿ ಬಿಡು" ಎಂದರು. ಇಬ್ಬರೂ ಊಟ ಮಾಡಿ ಏಳುವ ತನಕ ಅದು ಹಾಗೇ ಇತ್ತು.

ಅಕ್ಟೋಬರ್ 30, ಶುಕ್ರವಾರ

ಹಾಲು ಒಂದು ವಾರದಿಂದ ಕಡಿಮೆ. ಇವತ್ತು ಅರ್ಧ ಸೇರೂ ಇರಲಿಲ್ಲ. ಹಾಲು ತರುವ ಸೊಣ್ಣಮ್ಮನನ್ನು ನಿಲ್ಲಿಸಿ ಕೇಳಿದೆ. "ಏನೇ, ಊರಲ್ಲಿ ನೀರಿಗೂ ಬರ ಬಂತಾ? ಬೆರೆಸೋಕೆ ಸಾಲದಾಯ್ತಾ?"

"ಅಯ್ಯೋ ಬುಡಿ ಅಮ್ಮಾರೇ! ಎರಡು ವರ್ಸದಿಂದ ಒಂದು ತೊಟ್ಟು ನೀರು ಬೆರಸಿದ್ರೆ ನನ್ ಕೈ ಸೇದೋಗ್ಲಿ. ಈ ಹಸ ನಂದಲ್ಲ, ನಮ್ಮ ಜರಗನಳ್ಳಿ ಬೋರಣ್ಣ ಮೇಷ್ಟ್ರುದು. ಮೇಷ್ಟ್ರು ಹೆಂಡ್ರು ಕೈಗೇ ಒಗ್ಗಿರೋದು. ಬ್ಯಾರೇರು ಕರಿಯಾಕೋದ್ರೆ ಒದೀತದೆ."

ನಾನು ಪಾತ್ರೆ ಕೆಳಗಿಟ್ಟೆ. "ಅವಳಿಗೆ ಏನಾಗಿದೆ?"

"ಜರ ಕಣಮ್ಮಾರೇ. ಹ್ವಾದ ಬೇಸ್ತವಾರದ ಇಂದಿನ ಬೇಸ್ತವಾರ. ಸಂಜೆ ಹಸ ಕರಿಯಾಕೆ ಕುಂತೋರು ಹಂಗೇ ನಡುಗ್ತಾ ವಾಲ್ಕಂಡ್ರಂತೆ. ದಿನಾ ನಾ ಹೊಂಡೋ ಮುಂಚೆ ಕೇಳೋರು, ಆ ಅಮ್ಮಾರು ಎಂಗವ್ರೆ, ಮಂಡಿನೋವು ಎಂಗದೆ ಅಂತ. ಈಗ ಮಾತೇ ಇಲ್ಲ."

ಸೊಣ್ಣಮ್ಮ ನನ್ನ ಮುಖ ನೋಡದೆ ತಂಬಿಗೆ ಎತ್ತಿಕೊಂಡು ಹೋದಳು. ಅವಳಿಗೆ ಎಲ್ಲ ಗೊತ್ತು. ಎಷ್ಟು ದಿನದಿಂದ ಗೊತ್ತೋ.

ಎರಡು ವರ್ಷದಿಂದ ಅದೇ ಹಾಲನ್ನು ದೇವರಿಗೆ ಅಭಿಷೇಕ ಮಾಡಿದ್ದೇನೆ.

ಹಿಂದಿನ ಗುರುವಾರ ಎಂದರೆ ಇಪ್ಪತ್ತೆರಡನೇ ತಾರೀಕು. ಸಂಜೆ.

ಅಕ್ಟೋಬರ್ 31

ಒಂಬತ್ತು ದಿನ ಮುಗಿಯಿತು. ಇವತ್ತು ಹತ್ತು.

ನವೆಂಬರ್ 1, ಭಾನುವಾರ

ಹನ್ನೊಂದನೆಯ ದಿನ.

ಹನ್ನೊಂದು ಎಂದು ಕಾಗದದಲ್ಲಿ ಬರೆದವಳು ನಾನೇ. ಒಂಬತ್ತು ಎಂದೋ ಇಪ್ಪತ್ತು ಎಂದೋ ಬರೆಯಬಹುದಿತ್ತು. ಯಾಕೆ ಹನ್ನೊಂದು ಎಂದು ಬರೆದೆನೋ ನೆನಪಿಲ್ಲ.

ಸೊಣ್ಣಮ್ಮ ಇವತ್ತು ಬರಲೇ ಇಲ್ಲ. ಹಾಲಿಲ್ಲದ ಕಾಫಿ ಕುಡಿದೆವು. ಬೀದಿಯಲ್ಲಿ ಯಾರ ಹೆಜ್ಜೆ ಕೇಳಿಸಿದರೂ ಅಡಿಗೆಮನೆಯಿಂದ ಎದ್ದು ಬಂದೆ. ಯಾರನ್ನು ಕೇಳಲಿ? ಸತ್ತಿದ್ದಾಳೆ ಎಂದು ನಾನೇ ಹೇಳಿದವಳು ಬದುಕಿದ್ದಾಳಾ ಎಂದು ಯಾರ ಹತ್ತಿರ ವಿಚಾರಿಸಲಿ?

ಪಟ್ಟಿ ತೆಗೆದು, ಬೆರಳಿಗೆ ನೀರು ಮುಟ್ಟಿಸಿಕೊಂಡು ಆ ಹೆಸರನ್ನು ಒರೆಸಿದೆ. ಇಂಕು ಹರಡಿ ಇನ್ನೂ ದೊಡ್ಡದಾಯಿತು. ಉಳಿದ ಹದಿಮೂರು ಹೆಸರಿಗಿಂತ ಅದೇ ಎದ್ದು ಕಾಣುತ್ತದೆ.

ನಾಲ್ಕೂವರೆಗೆ ಚಿಲಕದ ಸದ್ದು. ಜಗಲಿಯಲ್ಲಿ ಕುಳಿತಿದ್ದ ನಮ್ಮನೆಯವರನ್ನು ಕೇಳಿದೆ. "ನಿಮಗೆ ಕೇಳಿಸ್ತಾ?"

"ಕೇಳಿಸ್ತು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿನಗೆ ಈಗ ಹತ್ತು ದಿನದಿಂದ ಕೇಳಿಸ್ತಿದೆ. ನನಗೆ ಒಂಬತ್ತು ವರ್ಷದಿಂದ ಕೇಳಿಸ್ತಿದೆ" ಎಂದರು.

ಹಾಲಿನ ವಿಷಯವೂ ಅವರಿಗೆ ಗೊತ್ತಿತ್ತಂತೆ. ಸೊಣ್ಣಮ್ಮನನ್ನು ಗೊತ್ತು ಮಾಡಿದವರೇ ಅವರು. ನನಗೆ ರೇಗಿತು. "ನನ್ನ ಮನೆ ಅಡಿಗೆಗೆ, ನನ್ನ ದೇವರಿಗೆ..." ಎಂದು ಶುರು ಮಾಡಿದೆ.

"ಹಾಲು ಎಷ್ಟು ಗಟ್ಟಿಯಾಗಿದೆ ನೋಡಿ ಅಂತ ನೀನೇ ಎಲ್ಲರಿಗೂ ಹೇಳ್ತಿದ್ದೆ" ಎಂದರು.

ನವೆಂಬರ್ 2, ಸೋಮವಾರ

ಹೊಸ ಹಾಳೆಯಲ್ಲಿ ನನ್ನ ಕೈಯಾರೆ ಪಟ್ಟಿ ಬರೆದೆ. ಹದಿಮೂರು ಹೆಸರು. ಹಳೆಯದು ಇಂಕು ಚೆಲ್ಲಿ ಕೆಟ್ಟುಹೋಗಿತ್ತು, ಅದಕ್ಕೆ. ಹಳೆಯ ಹಾಳೆಯನ್ನು ಒಲೆಗೆ ಹಾಕಲು ಹೋಗಿ ಹಾಕಲಿಲ್ಲ. ಹೆಸರಿರುವ ಕಾಗದವನ್ನು ಸುಡಬಾರದು. ಈ ಪುಸ್ತಕದಲ್ಲೇ ಮಡಿಸಿಟ್ಟಿದ್ದೇನೆ.

ನನಗೇನೂ ಭಯವಿಲ್ಲ. ಬದುಕಿರುವವರಿಗೆ ಪಿಂಡ ಇಟ್ಟರೆ ಇಟ್ಟವರಿಗೆ ದೋಷ. ಅಷ್ಟೆ.

ಸೊಣ್ಣಮ್ಮ ಇವತ್ತೂ ಇಲ್ಲ.

ನವೆಂಬರ್ 3, ಮಂಗಳವಾರ. ನರಕ ಚತುರ್ದಶಿ

ಬೆಳಗಿನ ಜಾವ ಎದ್ದು ಹಂಡೆಗೆ ಉರಿ ಹಾಕಿದೆ. ನಮ್ಮನೆಯವರಿಗೆ ಮಣೆ ಹಾಕಿ ನೆತ್ತಿಗೆ ಎಣ್ಣೆ ಇಟ್ಟೆ. ಅವರು ಎದ್ದು ಬಚ್ಚಲಿಗೆ ಹೋದ ಮೇಲೆ ಖಾಲಿ ಮಣೆಯ ಮುಂದೆ ಎಣ್ಣೆ ಬಟ್ಟಲು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಎಣ್ಣೆ ಒತ್ತುವಾಗ ಅವಳು ಕೂದಲು ಎಳೆಯಿತು ಎಂದು ಕಿರುಚುತ್ತಿದ್ದಳು. ತಲೆ ಯಾವಾಗಲೂ ಬಿಸಿ. ಬೆಳಗಿನ ಚಳಿಯಲ್ಲಿ ಅಂಗೈಗೆ ಹಿತವಾಗುತ್ತಿತ್ತು.

ನೀರು ಆರಿಹೋಯಿತು. ನಾನು ತಣ್ಣೀರಲ್ಲೇ ಮಿಂದೆ. ತಲೆಗೆ ನೀರು ಬಿದ್ದ ಕೂಡಲೆ ಯಾಕೋ ಕಿರುಚಿಬಿಟ್ಟೆ. ನಮ್ಮನೆಯವರು ಓಡಿಬಂದು ಬಾಗಿಲು ತಟ್ಟಿದರು. ನೀರು ತಣ್ಣಗಿತ್ತು ಎಂದೆ.

ಹಬ್ಬಕ್ಕೆ ಪಾಯಸ ಮಾಡಲಿಲ್ಲ. ಹಾಲಿರಲಿಲ್ಲ.

ನವೆಂಬರ್ 5, ಗುರುವಾರ

ನಮ್ಮನ್ನು ಕಳಿಸಿಕೊಡಲು ಅಕ್ಕ ಲಕ್ಷ್ಮಿದೇವಮ್ಮ ತುಮಕೂರಿನಿಂದ ಬಂದಿದ್ದಾಳೆ. ಎಪ್ಪತ್ತು ದಾಟಿದೆ, ಕಣ್ಣು ಮಂಜು. ಬಂದವಳೇ ಚೀಲದಿಂದ ಒಂದು ರೇಷ್ಮೆ ಕುಪ್ಪಸದ ಕಣ ತೆಗೆದು ನನ್ನ ಕೈಗಿಟ್ಟಳು.

"ಇದನ್ನ ಚೂಡಿ ಹೆಸರಲ್ಲಿ ಗಂಗೇಲಿ ಬಿಡೇ. ಆ ಕೂಸಿಗೆ ಮರುಗದ ಬಣ್ಣ ಇಷ್ಟ. ಅಂಗಡಿಯಲ್ಲಿ ಸೀನು ಕೈಲಿ ಹುಡುಕಿಸಿ ಹುಡುಕಿಸಿ ತಂದೆ."

ಸೀನು ಅವಳ ಮೊಮ್ಮಗ.

"ಒಂಬತ್ತು ವರ್ಷದಿಂದ ನಾನು ಶ್ರಾವಣದಲ್ಲಿ ಒಂದು ಹೊತ್ತು ಉಪವಾಸ ಇದೀನಿ ಕಣೆ, ಅವಳಿಗೋಸ್ಕರ. ನಿನಗೆ ಹೇಳಿರ್ಲಿಲ್ಲ. ನಿನ್ನ ಸಂಕಟದ ಮುಂದೆ ನಂದೇನು ಅಂತ."

ನಾನು ಕಣವನ್ನು ಟ್ರಂಕಿನಲ್ಲಿಟ್ಟೆ. ಬೇರೆ ಎಲ್ಲಿಡಲೂ ತೋಚಲಿಲ್ಲ. ಮರುಗದ ವಾಸನೆ ಇನ್ನೂ ಇದೆ. ಅಕ್ಕನೂ ಗುರುತಿಸಿದಳು. "ಅವಳು ನಿಮ್ಮ ಜೊತೆ ಹೊರಟಿದಾಳೆ" ಎಂದಳು.

ನವೆಂಬರ್ 7, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಯಾತ್ರೆಯ ಸಂಕಲ್ಪಕ್ಕೆ ಗಂಗಾಧರಯ್ಯನವರು ಬಂದರು. ಅಕ್ಕ, ಕಮಲಾದೇವಿ ಮತ್ತು ಅವರ ಯಜಮಾನರು, ಬೀದಿಯ ಇನ್ನು ನಾಲ್ಕು ಮಂದಿ. ಹೋಲ್ಡಾಲು ಬಿಗಿದು ಗೋಡೆಗೆ ಒರಗಿಸಿತ್ತು. ಗಂಗಾಧರಯ್ಯನವರು ಪಟ್ಟಿ ಬಿಡಿಸಿ ಗಟ್ಟಿಯಾಗಿ ಓದಿದರು. ಕೊನೆಯಲ್ಲಿ ಹಾಳೆ ತಿರುಗಿಸಿ ನೋಡಿದರು.

"ಅಮ್ಮ, ಒಂದು ಹೆಸರು ಬಿಟ್ಟುಹೋಗಿದೆ. ಮಗಳದ್ದು."

"ಬರ್ಕೊಳ್ಳಿ ಶಾಸ್ತ್ರಿಗಳೇ" ಎಂದಳು ಅಕ್ಕ. "ಚೂಡಾಮಣಿ. ಇವಳಿಗೆ ಬರೆಯೋಕೆ ಮನಸ್ಸು ಬರದೆ ಬಿಟ್ಟಿರ್ತಾಳೆ. ಹೆತ್ತ ಕರುಳು."

ಅವರು ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ನಮ್ಮನೆಯವರು ನೆಲ ನೋಡುತ್ತಿದ್ದರು. ಇವತ್ತು ಅವರು ನನ್ನ ಮುಖ ನೋಡಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

"ಬರೀಬೇಡಿ" ಎಂದೆ.

"ಅಮ್ಮ, ಗಯೆಯಲ್ಲಿ ಬಿಟ್ಟರೆ ಆ ಜೀವ—"

"ಬರೀಬೇಡಿ ಅಂದ್ನಲ್ಲ! ಅವಳು ಸತ್ತಿಲ್ಲ. ಜರಗನಹಳ್ಳಿಯಲ್ಲಿದಾಳೆ. ಜ್ವರ ಬಂದು ಮಲಗಿದಾಳೆ. ಬೇರೆ ಜಾತಿಯವನನ್ನ ಕಟ್ಟಿಕೊಂಡಳು ಅಂತ ನಾನೇ ಸತ್ತಳು ಅಂದೆ."

ಕಮಲಾದೇವಿ ಸೆರಗನ್ನು ಬಾಯಿಗೆ ಇಟ್ಟುಕೊಂಡರು. ಅಕ್ಕ ಎದ್ದು ತಡಕಾಡುತ್ತ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಳು ಕೂಡ, ಬೆನ್ನಿಗೆ, ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದ ಹಾಗೆ. "ಪಾಪಿ. ಒಂಬತ್ತು ಶ್ರಾವಣ ನನ್ನ ಉಪವಾಸ ಕೆಡಿಸಿದೆಯಲ್ಲೇ, ಪಾಪಿ." ಆಮೇಲೆ ಅಲ್ಲೇ ಕುಸಿದು ಕೂತು ಅತ್ತಳು. ನಗುತ್ತಲೂ ಇದ್ದಳು.

ಗಂಗಾಧರಯ್ಯನವರು ಪೆನ್ನಿನ ಮುಚ್ಚಳ ಹಾಕಿದರು.

ಸಂಜೆ ಚಿಲಕದ ಸದ್ದು ಆಗಲಿಲ್ಲ. ಐದರ ತನಕ ಕಾದೆ. ಬಾಗಿಲಲ್ಲಿ ನಿಂತು ನಿಂತು ಹೊರಟುಹೋದಳೋ ಏನೋ.

ನವೆಂಬರ್ 9, ಸೋಮವಾರ. ಜರಗನಹಳ್ಳಿ

ಟಿಕೇಟು ಹಿಂತಿರುಗಿಸಲು ಕಮಲಾದೇವಿಯ ಯಜಮಾನರ ಕೈಗೆ ಕೊಟ್ಟೆವು. ಕಟ್ಟಿದ ಗಂಟು ಬಿಚ್ಚುವುದು ಒಳ್ಳೆಯದಲ್ಲ ಎಂದು ಟ್ರಂಕು, ಹೋಲ್ಡಾಲು, ಸ್ಟವ್ ಎಲ್ಲ ಜಟಕಾಕ್ಕೆ ಹೇರಿ ನಿನ್ನೆ ಬೆಳಗ್ಗೆ ಹೊರಟೆವು. ದಾರಿಯುದ್ದಕ್ಕೂ ರಾಗಿ ಹೊಲ. ಮೂರು ಮೈಲಿ ಎಂದು ಹೇಳುತ್ತಾರೆ; ಅದಕ್ಕಿಂತ ಹೆಚ್ಚಿರಬೇಕು. ಊರಿನೊಳಗೆ ತಿರುಗಿದಾಗ ಯಾವುದಾದರೂ ಬಾಗಿಲ ಮುಂದೆ ಬೆಂಕಿ ಕಾಣುತ್ತದೋ ಎಂದು ನೋಡುತ್ತಿದ್ದೆ. ಇರಲಿಲ್ಲ.

ಬೋರಣ್ಣ ಸಣಕಲು ಮನುಷ್ಯ. ಒಂದು ಕಡೆ ದಾರ ಕಟ್ಟಿದ ಕನ್ನಡಕ. ನಮ್ಮನ್ನು ನೋಡಿ ಎದ್ದು ನಿಂತು ಅದನ್ನು ಸರಿಮಾಡಿಕೊಂಡ. ಆಮೇಲೆ, "ಒಳಗೆ ಬನ್ನಿ ಅಮ್ಮ. ಕಾಲಿಗೆ ನೀರು ತರ್ತೀನಿ" ಎಂದ. ಗೋಡೆಗೆ ಸುಣ್ಣ ಬಳಿಸಿ ಎರಡು ವರ್ಷವಾಗಿದೆ. ಹಿತ್ತಲು ಮಾತ್ರ ಚೊಕ್ಕಟ. ಅದು ನಾನು ಕಲಿಸಿದ್ದು. ಬಾವಿಯ ಪಕ್ಕ ಮರುಗದ ಪಾತಿ. ಅವನು ಮಾಡಿದ ಕಾಫಿ ಸುಮಾರಾಗಿತ್ತು, ಬೆಲ್ಲ ಹೆಚ್ಚು. ಎರಡನೇ ಸಲ ನಾನೇ ಮಾಡಿದೆ.

ವಿಷಮಜ್ವರ ಎಂದು ಡಾಕ್ಟರು ಹೇಳಿದ್ದಾರಂತೆ. ಹನ್ನೊಂದನೆಯ ದಿನ ಬಹಳ ಕಷ್ಟವಾಗಿತ್ತಂತೆ. ಸೊಣ್ಣಮ್ಮ ಅವತ್ತಿನಿಂದ ಇಲ್ಲೇ ಇದ್ದು ನೋಡಿಕೊಳ್ಳುತ್ತಿದ್ದಾಳೆ. ಜ್ವರ ಇಳಿದರೆ ಈ ವಾರ ಇಳಿಯಬೇಕು. ಇಳಿಯದಿದ್ದರೆ ಏನು ಎಂದು ಡಾಕ್ಟರು ಹೇಳಿಲ್ಲವಂತೆ.

ಚಾಪೆಯ ಮೇಲೆ ಕೋಲಿನ ಹಾಗೆ ಮಲಗಿದ್ದಳು. ಕೂದಲು ಕತ್ತರಿಸಿದ್ದಾರೆ. ಇಡೀ ಮಧ್ಯಾಹ್ನ ಕಣ್ಣು ಬಿಡಲಿಲ್ಲ. ನಾನು ಸ್ಟವ್ ಹಚ್ಚಿ ನುಚ್ಚಿನ ಗಂಜಿ ಮಾಡಿ, ಟ್ರಂಕಿನಿಂದ ಮೂರನೆಯ ಲೋಟ ತೆಗೆದು ಅದರಲ್ಲಿ ಆರಿಸುತ್ತಿದ್ದೆ. ಆಗ ಹೊರಗೆ ಚಿಲಕದ ಸದ್ದಾಯಿತು. ಟಕ್. ಕೊಂಚ ತಡೆದು, ಟಕ್. ಲೋಟ ಹಿಡಿದೇ ಬಾಗಿಲಿಗೆ ಬಂದೆ.

ಏಳೆಂಟು ವರ್ಷದ ಹುಡುಗಿ. ಎರಡು ಕೈಯಲ್ಲೂ ಸೌದೆ ಪುರುಳೆ ತಬ್ಬಿಕೊಂಡು ಕಾಲಿನಿಂದ ಬೇಲಿಯ ಗೇಟು ತೆಗೆದು ಬಂದಿದ್ದಳು.

"ಕಾಲಲ್ಲಿ ಚಿಲಕ ಎತ್ತಬಾರದು ಅಂತ ಯಾರೂ ಹೇಳಿಲ್ವೇನೇ ನಿನಗೆ?" ಎಂದೆ.

"ಅಮ್ಮ ದಿನಾ ಬೈತಾಳೆ. ನೀವ್ಯಾರು?" ಎಂದಿತು.

ನಮ್ಮ ಮಾತಿಗೋ ಏನೋ ಚೂಡಿ ಕಣ್ಣು ಬಿಟ್ಟಳು. ನನ್ನನ್ನು ದೆವ್ವ ನೋಡುವ ಹಾಗೆ ನೋಡಿದಳು. ಬೆಚ್ಚಿ ಗೋಡೆಯ ಕಡೆಗೆ ಸರಿದಳು. ಆಮೇಲೆ ಬೋರಣ್ಣನ ಕಡೆ ತಿರುಗಿ, ಬಹಳ ಮೆಲ್ಲಗೆ, "ಅಮ್ಮ ಬಂದ್ಬಿಟ್ಟಳು. ಹಾಗಾದ್ರೆ ನಾನು ಹೋಗ್ಬಿಟ್ನಾ?" ಎಂದಳು.

ಬೋರಣ್ಣ ಬಾಗಿಲಿಗೆ ಮುಖ ಮಾಡಿ ನಿಂತ. ನಮ್ಮನೆಯವರು ಹೊರಗೆ ಹೋದರು. ನಾನು ಚಾಪೆಯ ಮೇಲೆ ಕೂತು, ಅವಳ ಕೈ ಎಳೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಕೆಂಡದ ಹಾಗೆ ಸುಡುತ್ತಿತ್ತು.

"ಸತ್ತವರ ಕೈ ಇಷ್ಟು ಬಿಸಿ ಇರಲ್ಲ ಕಣೆ" ಎಂದೆ. "ಬಾಯಿ ತೆಗಿ. ಗಂಜಿ ಆರ್ತಿದೆ."

ಮೂರು ಗುಟುಕು ಕುಡಿದಳು.